ಒಂಟೆಯ ಬಾಯಾರಿಕೆ

ಮೂವತ್ತೆಂಟು ಮೆಟ್ಟಿಲಿನ ಕಬ್ಬಿಣದ ಏಣಿಯಲ್ಲಿ ಹನ್ನೆರಡನೆಯದನ್ನು ಮುಟ್ಟುವಷ್ಟರಲ್ಲಿ ಅವನಿಗೆ ಏದುಸಿರು ಬಂತು. ಎರಡೂ ಕೈಯಲ್ಲಿ ಸರಳು ತಬ್ಬಿಕೊಂಡು, ಹಣೆಯನ್ನು ತಣ್ಣನೆಯ ಕಬ್ಬಿಣಕ್ಕೆ ಒತ್ತಿ ನಿಂತ. ನಾಲಗೆ ಬಾಯೊಳಗೆ ಮರದ ಚಕ್ಕೆಯಂತೆ ಬಿದ್ದಿತ್ತು. ಉಗುಳು ನುಂಗೋಣವೆಂದರೆ ನುಂಗಲು ಏನೂ ಇರಲಿಲ್ಲ.

“ಏನ್ ಭಾವ, ಏಣಿಗೆ ಮುತ್ತು ಕೊಡ್ತಿದೀರಾ? ಅಕ್ಕಂಗೆ ಹೇಳ್ಲಾ?” ಕೆಳಗಿನಿಂದ ಹೆಂಡತಿಯ ತಮ್ಮ ಕೂಗಿದ.

“ನಿನ್ನ ಬಾಯಿಗಿಷ್ಟು ಮರಳು ಹಾಕ. ಕೆಲಸ ನೋಡ್ಕೋ ಹೋಗು.”

ಅಷ್ಟು ಹೇಳಿದ್ದಕ್ಕೇ ಗಂಟಲು ತರಚಿದಂತಾಯಿತು. ಮತ್ತೆ ಹತ್ತಿದ. ಹೆಗಲಿಗೆ ಕಟ್ಟಿಕೊಂಡ ಚೀಲದಲ್ಲಿ ಐದು ಲೀಟರಿನ ಖಾಲಿ ಕ್ಯಾನು ಏಣಿಗೆ ತಾಗಿ ಟೊಳ್ಳು ಸದ್ದು ಮಾಡುತ್ತಿತ್ತು. ನಿನ್ನೆಯವರೆಗೆ ಎರಡು ಕ್ಯಾನು ಒಯ್ಯುತ್ತಿದ್ದ, ಒಂದು ತುಂಬಿದ್ದು, ಒಂದು ಖಾಲಿ. ಇವತ್ತು ತುಂಬಿದ್ದನ್ನು ಮನೆಯಲ್ಲೇ ಬಿಟ್ಟು ಬಂದಿದ್ದ.

ಅವನು ಕ್ರೇನ್ ಡ್ರೈವರ್. ಎರಕದ ಕಾರ್ಖಾನೆಯ ಉದ್ದನೆಯ ಶೆಡ್ಡಿನಲ್ಲಿ, ಚಾವಣಿಗೆ ಅಂಟಿಕೊಂಡಂತೆ ಎರಡು ಹಳಿಗಳ ಮೇಲೆ ಓಡುವ ಕ್ರೇನು. ಅದಕ್ಕೆ ನೇತುಬಿದ್ದ ಗಾಜಿನ ಗೂಡು ಅವನ ಜಾಗ. ಕುಲುಮೆಯಲ್ಲಿ ಕರಗಿದ ಕಬ್ಬಿಣವನ್ನು ಲೇಡಲ್ ಎಂಬ ಉಕ್ಕಿನ ಬಾನಿಯೊಳಕ್ಕೆ ಸುರಿಯುತ್ತಾರೆ. ಕೆಂಡದ ಬಣ್ಣದ ಆ ಟನ್ನುಗಟ್ಟಲೆ ಭಾರವನ್ನು ಕೊಕ್ಕೆಯಲ್ಲಿ ಎತ್ತಿ, ಶೆಡ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ದು, ಮರಳಿನ ಅಚ್ಚುಗಳ ಬಾಯಿಗೆ ಸರಿಯಾಗಿ ತಂದು ನಿಲ್ಲಿಸಬೇಕು. ಒಂದು ಗೇಣು ಆಚೀಚೆಯಾದರೆ ಅಚ್ಚು ಹಾಳು. ಎರಡು ಗೇಣಾದರೆ ಮನುಷ್ಯ ಹಾಳು. ಮೇಲಿದ್ದವನಿಗೆ ಕೆಳಗಿನದು ಪೂರ್ತಿ ಕಾಣುವುದಿಲ್ಲ. ಕೆಳಗೆ ನಿಂತವನು ಕೈಸನ್ನೆ ಮಾಡಬೇಕು. ಆ ಕೈ ಭಾವಮೈದುನನದು. ಹದಿನಾಲ್ಕು ವರ್ಷದಿಂದ ಅವನ ಬೆರಳು ಮಡಚಿದರೆ ಇವನ ಕ್ರೇನಿನ ಹಿಡಿ ತಿರುಗುತ್ತಿತ್ತು.

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಒಂಟೆ ಎನ್ನುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಎಂಟು ಗಂಟೆಯ ಪಾಳಿಯಲ್ಲಿ ಒಮ್ಮೆಯೂ ನೀರು ಕುಡಿಯದೆ, ಒಮ್ಮೆಯೂ ಮೂತ್ರಕ್ಕೆ ಇಳಿಯದೆ ಕೂರುವವನು ಅವನೊಬ್ಬನೇ. ಇಳಿದು ಹತ್ತಲು ಕಾಲು ಗಂಟೆ ಬೇಕು, ಕರಗಿದ ಕಬ್ಬಿಣ ಕಾಲು ಗಂಟೆ ಯಾರಿಗೂ ಕಾಯುವುದಿಲ್ಲ. ಕೆಲಸ ಕಲಿಸಿದ ಹಳೇ ಡ್ರೈವರ್ ಮೊದಲ ದಿನವೇ ಹೇಳಿದ್ದ: “ಬೆಳಗ್ಗೆ ಒಂದು ಲೋಟ ಕುಡಿ. ಆಮೇಲೆ ಪಾಳಿ ಮುಗಿಯೋವರೆಗೂ ನೀರಿನ ಮುಖ ನೋಡ್ಬೇಡ. ಮೈ ಅನ್ನೋದು ನಾಯಿ ಇದ್ದ ಹಾಗೆ ಕಣಯ್ಯ. ಗದರಿಸಿದ್ರೆ ಕೂರುತ್ತೆ.” ಒಂಟೆ ಗದರಿಸಿದ್ದ, ನಾಯಿ ಕೂತಿತ್ತು. ಬೇಸಿಗೆಯಲ್ಲಿ ಗೂಡಿನೊಳಗಿನ ಕಬ್ಬಿಣ ಮುಟ್ಟಿದರೆ ಸುಡುವಾಗಲೂ ಕೂತಿತ್ತು. ಬೇರೆ ಡ್ರೈವರುಗಳು ಬೆಲ್ಲು ಹೊಡೆದು ಇಳಿಯುವುದನ್ನು ಕಂಡರೆ ಅವನಿಗೆ ನಗು.

ಇಪ್ಪತ್ತು ದಿನದ ಹಿಂದೆ ಆ ನಗು ನಿಂತುಹೋಯಿತು.

ಪಾಳಿ ಮುಗಿಸಿ ಇಳಿಯುತ್ತಿದ್ದ. ಯಾವನೋ ದುರಸ್ತಿಯವನು ಏಣಿಯ ಮೆಟ್ಟಿಲಿಗೆ ಗ್ರೀಸ್ ಒರೆಸಿ ಹೋಗಿದ್ದ. ನೆಲಕ್ಕೆ ಇನ್ನು ಆರೇಳು ಮೆಟ್ಟಿಲು ಇರುವಾಗ ಕಾಲು ಜಾರಿ, ಹಿಂದಲೆ ಕಂಬದ ಬುಡದ ಬೋಲ್ಟಿಗೆ ಬಡಿಯಿತು. ಕಣ್ಣು ಬಿಟ್ಟಾಗ ಭಾವಮೈದುನ ಅವನ ಕೆನ್ನೆಗೆ ಬಾರಿಸುತ್ತಾ, ಅರ್ಧ ಅಳುತ್ತಾ, “ಭಾವ, ಭಾವ” ಎನ್ನುತ್ತಿದ್ದ. ಎಷ್ಟು ಹೊತ್ತು ಹಾಗೆ ಬಿದ್ದಿದ್ದೆ ಎಂದರೆ ಅವನಿಗೂ ಗೊತ್ತಿಲ್ಲ. ಐದು ನಿಮಿಷ ಇರಬಹುದು. ಸುತ್ತ ಬೇರೆ ಯಾರೂ ಇರಲಿಲ್ಲ.

“ಯಾರಿಗೂ ಹೇಳ್ಬೇಡ,” ಎಂಬುದೇ ಒಂಟೆಯ ಮೊದಲ ಮಾತು.

“ರಕ್ತ ಬರ್ತಿದೆ ಭಾವ.”

“ಬರ್ಲಿ. ಹೇಳಿದ್ರೆ ನಿನ್ನ ಅಕ್ಕನ ಆಣೆ.”

ಏಣಿಯಿಂದ ಬಿದ್ದವನನ್ನು, ತಲೆ ತಿರುಗಿದವನನ್ನು ಮತ್ತೆ ಕ್ರೇನು ಹತ್ತಿಸಬಾರದು ಎಂಬುದು ಕಾರ್ಖಾನೆಯ ಕಾಯಿದೆ. ಕೆಲಸ ಕಲಿಸಿದ ಆ ಹಳೇ ಡ್ರೈವರನೇ ಒಂದು ದಿನ ಗೂಡಿನಲ್ಲಿ ತಲೆ ತಿರುಗಿ ಬಿದ್ದು, ಆಮೇಲೆ ಕೊನೆಯ ನಾಲ್ಕು ವರ್ಷ ಕೆಳಗೆ ಮರಳು ಜರಡಿ ಹಿಡಿದ. ಮಧ್ಯಾಹ್ನದ ಹೊತ್ತು ಜರಡಿ ನಿಲ್ಲಿಸಿ, ಕತ್ತೆತ್ತಿ ಕ್ರೇನು ನೋಡುತ್ತಿದ್ದ. ಆ ಮುಖ ಒಂಟೆಯ ಕಣ್ಣಿನಿಂದ ಹೋಗಿರಲಿಲ್ಲ. ಮನೆಯಲ್ಲಿ ಹೆಂಡತಿಗೆ, ಗೂಡಿನ ಬಾಗಿಲು ತಲೆಗೆ ಬಡಿಯಿತು ಎಂದು ಹೇಳಿದ. ಅವಳು ಗಾಯಕ್ಕೆ ಐಸು ಒತ್ತಿ, “ಹದಿನಾಲ್ಕು ವರ್ಷದಿಂದ ಅದೇ ಬಾಗಿಲು, ಇವತ್ತು ಬೆಳೆದುಬಿಟ್ರಾ ನೀವು?” ಎಂದು ಬೈದಳು. ಮೂರು ದಿನದಲ್ಲಿ ಗಾಯ ಒಣಗಿತು.

ಐದನೆಯ ದಿನ ಬಾಯಾರಿಕೆ ಶುರುವಾಯಿತು.

ಮೊದಲು ಊಟಕ್ಕೆ ಕೂತವನು ಜಗ್ಗಿನ ನೀರೆಲ್ಲ ಖಾಲಿ ಮಾಡಿದ. ಸೆಕೆ ಇರಬೇಕು ಎಂದುಕೊಂಡರು. ಎರಡು ದಿನ ಕಳೆಯುವಷ್ಟರಲ್ಲಿ ಬಕೆಟ್ಟಿನ ಲೆಕ್ಕಕ್ಕೆ ಬಂತು. ಅದೂ ತಣ್ಣಗಿನ ನೀರೇ ಬೇಕು, ಹಲ್ಲು ಜುಮ್ಮೆನ್ನುವಂಥದ್ದು. ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಇನ್ನೊಂದು ಲೋಟಕ್ಕೆ ಕೈ ಹೋಗುತ್ತಿತ್ತು. ಅರ್ಧ ಗಂಟೆಗೊಮ್ಮೆ ಮೂತ್ರ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಲ್ಲಿ ತಿರುಗಿಸಿದಂತೆ ಬರುತ್ತಿತ್ತು. ಕ್ರೇನಿನ ಗೂಡಿಗೆ ಎರಡು ಕ್ಯಾನು ಹೋಗತೊಡಗಿದ್ದು ಆಗ. ಒಂದರಿಂದ ಕುಡಿದು ಇನ್ನೊಂದಕ್ಕೆ ಬಿಡುವುದು. ಪಾಳಿ ಮುಗಿದ ಮೇಲೆ ಟವೆಲ್ಲಿನಲ್ಲಿ ಸುತ್ತಿ, ಕಳ್ಳಮಾಲು ಸಾಗಿಸುವವನ ಹಾಗೆ ಇಳಿದು, ಹಿಂದಿನ ಚರಂಡಿಗೆ ಚೆಲ್ಲುವುದು. ಒಂಟೆ ಎಂಬ ಹೆಸರು ಕೇಳಿದರೆ ಈಗ ಮೈ ಉರಿಯುತ್ತಿತ್ತು.

ಹೆಂಡತಿಯ ಅಪ್ಪ ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡು ಸತ್ತವನು. ಅವಳ ಮುಖ ಬಿಳುಚಿತು. ಗಂಡನ ಶರ್ಟು ಹಿಡಿದು ಎಳೆದುಕೊಂಡೇ ಬೀದಿಯ ಕೊನೆಯ ಕ್ಲಿನಿಕ್ಕಿಗೆ ಹೋದಳು. ರಕ್ತ ತೆಗೆದರು. ಸಕ್ಕರೆ ಇರಲಿಲ್ಲ. ಅವಳು ಅಲ್ಲೇ ಬೆಂಚಿನ ಮೇಲೆ ಕೂತು ನಗುತ್ತಾ ಕಣ್ಣೊರೆಸಿಕೊಂಡಳು.

“ಜ್ವರ, ಏಟು, ಹೊಸ ಮಾತ್ರೆ, ಏನಾದ್ರೂ ಇತ್ತಾ?” ಎಂದು ಡಾಕ್ಟರು ಕೇಳಿದರು.

“ಏನಿಲ್ಲ,” ಎಂದ ಒಂಟೆ. ಹೆಂಡತಿ ಪಕ್ಕದಲ್ಲೇ ಇದ್ದಳು. ಬಾಗಿಲು ಬಡಿದದ್ದನ್ನು ಅವಳೂ ಏಟು ಎಂದು ಎಣಿಸಲಿಲ್ಲ.

“ಹಾಗಾದ್ರೆ ಬರೀ ಅಭ್ಯಾಸ. ಕುಡೀತೀರಿ, ಅದಕ್ಕೆ ಹೋಗುತ್ತೆ. ಹೋಗುತ್ತೆ, ಅದಕ್ಕೆ ಕುಡೀತೀರಿ. ಕಡಿಮೆ ಮಾಡ್ತಾ ಬನ್ನಿ, ಸರಿಹೋಗುತ್ತೆ.”

ಆ ಮಾತು ಅವನಿಗೆ ಹಿಡಿಸಿತು. ಮೈಯನ್ನು ಗದರಿಸುವುದು ಅವನಿಗೆ ಗೊತ್ತಿದ್ದ ವಿದ್ಯೆ. ಡಾಕ್ಟರು ಕಡಿಮೆ ಮಾಡಿ ಎಂದಿದ್ದರು. ಕಡಿಮೆ ಮಾಡುವುದು ಹೇಡಿಗಳ ಕೆಲಸ, ಪೂರ್ತಿ ನಿಲ್ಲಿಸಿಯೇಬಿಡುತ್ತೇನೆ ಎಂದು ಇವನು ತೀರ್ಮಾನಿಸಿದ. ಹೆಂಡತಿಯೂ ಹಿಡಿದರೆ ಬಿಡುವವಳಲ್ಲ. ನಿನ್ನೆ ಸಂಜೆ ಊಟವಾದ ಮೇಲೆ ಮಹಡಿಗೆ ಹೋಗಿ ಟ್ಯಾಂಕಿನ ವಾಲ್ವು ಮುಚ್ಚಿದಳು, ಅಡುಗೆಮನೆಗೆ ಬೀಗ ಜಡಿದು ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಬೆಳಗ್ಗೆ ಅವನ ಒಡೆದ ತುಟಿ ನೋಡಿ ಮನಸ್ಸು ಕರಗಿ, ಅರ್ಧ ಲೋಟ ತಂದು ಹಿಡಿದಳು.

“ಇಷ್ಟಾದ್ರೂ ಕುಡೀರಿ.”

“ತೆಗೆದುಕೊಂಡು ಹೋಗು. ಒಂಟೆ ಅಂತ ಸುಮ್ನೆ ಅಂತಾರಾ?”

ಹಾಗಂದು ಬಂದವನು ಈಗ ಗೂಡಿನೊಳಗೆ ಕೂತು, ಬಾಗಿಲ ಚಿಲಕ ಹಾಕಿಕೊಂಡ. ಕೆಳಗೆ ಅಚ್ಚಿನವರು ಮರಳು ಬಡಿಯುತ್ತಿದ್ದರು. ಇವತ್ತು ದೊಡ್ಡ ಎರಕ. ಯಾವುದೋ ಯಂತ್ರದ ಬುಡದ ಹಲಗೆ, ಒಂದೇ ಸಲಕ್ಕೆ ಏಳು ಟನ್ನು. ಫೋರ್‌ಮನ್ ಬೆಳಗ್ಗೆಯಿಂದ ಎಲ್ಲರ ಮೇಲೂ ಹರಿಹಾಯುತ್ತಿದ್ದ.

ಒಂಬತ್ತರ ಹೊತ್ತಿಗೆ ಮೂತ್ರ ಬಂತು. ರಾತ್ರಿ ಒಳಗಿದ್ದ ಹಳೆಯದು ಇರಬೇಕು, ಹೋಗಲಿ ಎಂದುಕೊಂಡು ಕ್ಯಾನಿಗೆ ಬಿಟ್ಟ. ಒಂಬತ್ತೂವರೆಗೆ ಮತ್ತೆ ಬಂತು. ಹತ್ತಕ್ಕೆ ಇನ್ನೊಮ್ಮೆ. ಪ್ರತಿ ಸಲವೂ ಒಂದೇ ಹದ, ಒಂದೇ ಧಾರೆ. ಮೂರನೆಯ ಸಲ ಮುಚ್ಚಳ ಹಾಕುವ ಮೊದಲು ಕ್ಯಾನನ್ನು ಬೆಳಕಿಗೆ ಎತ್ತಿ ನೋಡಿದ. ಕಾಲು ಭಾಗಕ್ಕೂ ಮೇಲೆ ತುಂಬಿತ್ತು. ತಿಳಿಯಾಗಿತ್ತು. ಆಚೆ ಬದಿಯ ಹಿಡಿಕೆಯ ಗೆರೆ ಕಾಣುವಷ್ಟು ತಿಳಿ.

ನಿನ್ನೆ ಸಂಜೆಯಿಂದ ಒಂದು ಹನಿ ಒಳಗೆ ಹೋಗಿಲ್ಲ. ತುಟಿ ಸೀಳಿದೆ, ಕಣ್ಣು ತಿರುಗಿಸಿದರೆ ಗುಡ್ಡೆ ಕಿರುಗುಟ್ಟುವಂತಿದೆ, ಕೈಯ ಮೇಲಿನ ಚರ್ಮ ಚಿವುಟಿ ಬಿಟ್ಟರೆ ಗುಡಾರದಂತೆ ನಿಂತುಕೊಳ್ಳುತ್ತಿದೆ. ಹಾಗಾದರೆ ಇದು ಎಲ್ಲಿಂದ ಬರುತ್ತಿದೆ? ಯಾವ ತೊಟ್ಟಿಯಿಂದ? ಒಳಗೆ ಯಾರೋ ತನ್ನನ್ನು ಹಿಂಡುತ್ತಿದ್ದಾರೆ, ರಕ್ತದೊಳಗಿನ ನೀರನ್ನೂ ಮಾಂಸದೊಳಗಿನ ನೀರನ್ನೂ ಬಸಿದು ಹೊರಗೆ ಚೆಲ್ಲುತ್ತಿದ್ದಾರೆ ಎನಿಸಿತು. ನಾಯಿಯನ್ನು ಗದರಿಸಿದ. ಕಿಬ್ಬೊಟ್ಟೆಯನ್ನು ಬಿಗಿಹಿಡಿದು ಕೂತ. ಹತ್ತೂಕಾಲಿಗೆ ಮತ್ತೆ ಒತ್ತಿ ಬಂತು.

ಇಳಿದುಬಿಡಲೇ ಎಂದುಕೊಂಡ. ಇಳಿದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಕಾರ್ಖಾನೆಯ ಡಾಕ್ಟರ ಬಳಿ ಒಯ್ಯುತ್ತಾರೆ. ಅವರು ಹಿಂದಲೆಯ ಕೂದಲು ಸರಿಸಿ ನೋಡಿದರೆ ಮುಗಿಯಿತು. ಒಂದೇ ಒಂದು ಎರಕ, ಒಂದು ಗಂಟೆ, ಆಮೇಲೆ ಇಳಿದು ಕೊಳಾಯಿಗೆ ಬಾಯಿ ಒಡ್ಡುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ.

ಹತ್ತೂವರೆಗೆ ಕುಲುಮೆಯ ಗಂಟೆ ಮೊಳಗಿತು. ಲೇಡಲ್ ತುಂಬಿತು. ಕಾವಿನ ಅಲೆ ಮೇಲಕ್ಕೆ ಬಂದು ಗೂಡಿನ ಗಾಜಿಗೆ ಹೊಡೆಯಿತು. ಭಾವಮೈದುನ ಕೈ ಮೇಲೆತ್ತಿ ಬೆರಳು ಸುತ್ತಿಸಿದ. ಎತ್ತು ಎಂದು ಅದರ ಅರ್ಥ. ಎತ್ತಿದ. ತೋಳು ಚಾಚಿದ, ಸಾಗು ಎಂದು. ಸಾಗಿದ. ಹಳಿಯ ಮೇಲೆ ಚಕ್ರಗಳು ಗುಡುಗುತ್ತಾ ಹೊರಟವು. ಎದೆ ವಿಪರೀತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಕಿವಿಯೊಳಗೆ ಯಾರೋ ತಗಡು ಬಡಿಯುತ್ತಿದ್ದರು.

ಅಚ್ಚಿನ ಹತ್ತಿರ ಬಂದಾಗ ಭಾವಮೈದುನ ಎದುರಿಗೆ ಬಂದು ನಿಂತು, ಅಂಗೈ ಕೆಳಗೆ ಮಾಡಿ ಒಂದು ಸನ್ನೆ ಮಾಡಿದ.

ಆ ಕೈ ಒಂಟೆಗೆ ಕಂಡಿತು. ಚರ್ಮದ ಗ್ಲೌಸು, ಹೆಬ್ಬೆರಳ ಬಳಿ ಸುಟ್ಟ ಕಲೆ, ಎಲ್ಲ ನಿಚ್ಚಳವಾಗಿ ಕಂಡಿತು. ಆದರೆ ಅದು ಏನು ಹೇಳುತ್ತಿದೆ ಎಂಬುದು ಮಾತ್ರ ಹೊಳೆಯಲಿಲ್ಲ. ಸಾವಿರ ಸಲ, ಲಕ್ಷ ಸಲ ನೋಡಿದ ಕೈ. ಗೊತ್ತಿಲ್ಲದ ಯಾರೋ ರಸ್ತೆಯಾಚೆಯಿಂದ ಕೈ ಬೀಸಿದಂತಿತ್ತು. ಅವನ ಎಡಗೈ ತಾನಾಗಿಯೇ ಒಂದು ಹಿಡಿ ತಳ್ಳಿತು. ಲೇಡಲ್ ಇಳಿಯಲಿಲ್ಲ. ಅಡ್ಡಕ್ಕೆ, ಭಾವಮೈದುನ ನಿಂತಿದ್ದ ಕಡೆಗೆ ಹೊರಟಿತು.

ಕೆಳಗೆ ಎಲ್ಲರೂ ಚೆಲ್ಲಾಪಿಲ್ಲಿಯಾದರು. ಲೇಡಲಿನ ಅಂಚಿನಿಂದ ಒಂದು ಬೊಗಸೆಯಷ್ಟು ಬೆಂಕಿ ತುಳುಕಿ ನೆಲಕ್ಕೆ ಬಿದ್ದು ಕಿಡಿಕಿಡಿಯಾಗಿ ಸಿಡಿಯಿತು. ಭಾವಮೈದುನ ಹಿಮ್ಮುಖವಾಗಿ ಓಡುತ್ತಾ ಎರಡೂ ಮುಷ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಆ ಎರಡು ಮುಷ್ಟಿ ಅರ್ಥವಾಯಿತು. ಅರ್ಥವಾಗುವ ಮೊದಲೇ ಒಂಟೆಯ ಅಂಗೈ ದೊಡ್ಡ ಕೆಂಪು ಸ್ವಿಚ್ಚಿನ ಮೇಲೆ ಬಿದ್ದಿತ್ತು. ಕರೆಂಟು ಹೋಯಿತು, ಬ್ರೇಕು ಕಚ್ಚಿತು. ಲೇಡಲ್ ಸರಪಳಿಯಲ್ಲಿ ಆ ಕಡೆ ಈ ಕಡೆ ತೂಗಿ, ತೂಗಿ, ನಿಧಾನಕ್ಕೆ ನಿಂತಿತು.

“ಏನೋ ಮಾಡ್ತಿದೀಯ? ಇಳಿಸೋ ಒಂಟೆ! ಕಬ್ಬಿಣ ಗಟ್ಟಿಯಾಗುತ್ತೆ! ಕಿವಿಯಲ್ಲಿ ಮರಳು ತುಂಬಿದೆಯೇನೋ?” ಫೋರ್‌ಮನ್ ಕೆಳಗಿನಿಂದ ಅರಚುತ್ತಿದ್ದ.

ಹಿಡಿ ಮತ್ತೆ ಕೈಗೆ ಬಂತು. ಸ್ವಿಚ್ಚು ಮತ್ತೆ ಹಾಕಿ ಇಳಿಸಿಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ, ಕೈ ಜಾರಿತು ಎಂದರಾಯಿತು. ಎರಡು ಹಿಡಿಗಳಲ್ಲಿ ಇಳಿಸುವುದು ಯಾವುದು ಎಂದು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಅವೆರಡರಿಂದಲೂ ಕೈ ತೆಗೆದು ತಲೆಯ ಮೇಲಿನ ಸೈರನ್ನಿನ ಹಗ್ಗ ಎಳೆದ. ಉದ್ದಕ್ಕೆ ಮೂರು ಸಲ. ಡ್ರೈವರನ ಕೈಯಲ್ಲಿ ಆಗುವುದಿಲ್ಲ, ಬೇರೆಯವರು ಬನ್ನಿ ಎಂದು ಅದರ ಅರ್ಥ. ಹದಿನಾಲ್ಕು ವರ್ಷದಲ್ಲಿ ಅವನು ಅದನ್ನು ಎಳೆದದ್ದು ಅದೇ ಮೊದಲು.

ಎರಡನೆಯ ಡ್ರೈವರು ಹತ್ತಿ ಬಂದು ಅವನನ್ನು ಸೀಟಿನಿಂದ ಎತ್ತಿ ಪಕ್ಕಕ್ಕೆ ಕೂರಿಸುವಾಗ ಕಾಲು ತಾಗಿ ಕ್ಯಾನು ಉರುಳಿತು. “ಅಯ್ಯೋ, ನೀರು ಚೆಲ್ಲಿತಲ್ಲಣ್ಣ,” ಎಂದ ಅವನು.

*

ಆಸ್ಪತ್ರೆಯಲ್ಲಿ ತೋಳಿಗೆ ಸೂಜಿ ಚುಚ್ಚಿ, ರಕ್ತ ತೆಗೆದು, ಮೂತ್ರವನ್ನು ಗೆರೆ ಹಾಕಿದ ಜಾಡಿಯಲ್ಲಿ ಅಳೆದರು. ಬಾಯಿಗೂ ನೀರು ಕೊಟ್ಟರು, ಆದರೆ ಗುಟುಕು ಗುಟುಕಾಗಿ. ಅವನು ಲೋಟ ಕಚ್ಚಿಕೊಂಡು ನರ್ಸಿನ ಕೈಯನ್ನೇ ಎಳೆಯುತ್ತಿದ್ದ. ಹೆಂಡತಿ ಮಂಚದ ತಲೆಯ ಬಳಿ, ಭಾವಮೈದುನ ಕಾಲಿನ ಬಳಿ ನಿಂತಿದ್ದರು. ಫೋರ್‌ಮನ್ ಬಾಗಿಲಲ್ಲಿ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಅವನಿಗೆ ಕಾರಣ ಬೇಕಿತ್ತು. ಬೇರೆ ಡ್ರೈವರು ಹತ್ತಿ ಬರುವಷ್ಟರಲ್ಲಿ ಏಳು ಟನ್ನು ಲೇಡಲಿನಲ್ಲೇ ಹೆಪ್ಪುಗಟ್ಟಿತ್ತು.

ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸು, ಮಾತು ಮಾತ್ರ ಹಿರಿಯಕ್ಕನದು. “ಇವರ ರಕ್ತದಲ್ಲಿ ಉಪ್ಪಿನ ಅಂಶ ತುಂಬಾ ಏರಿದೆ,” ಎಂದರು.

“ನಾನು ಅಡುಗೆಗೆ ಉಪ್ಪು ಜಾಸ್ತಿ ಹಾಕೋದೇ ಇಲ್ಲ ಡಾಕ್ಟ್ರೇ! ಸಪ್ಪೆ ಅಂತ ದಿನಾ ಬೈಸ್ಕೋತೀನಿ. ಬೇಕಾದ್ರೆ ನನ್ನ ತಮ್ಮನ್ನ ಕೇಳಿ,” ಎಂದಳು ಹೆಂಡತಿ.

“ಉಪ್ಪು ಹೆಚ್ಚಾಗಿಲ್ಲಮ್ಮ, ನೀರು ಕಡಿಮೆಯಾಗಿದೆ. ನೀರು ಬತ್ತಿದರೆ ಉಪ್ಪು ಗಟ್ಟಿಯಾಗಿ ಕೂರುತ್ತೆ. ಅದಕ್ಕೇ ತಲೆ ಮಂಕಾಗಿದ್ದು. ಇನ್ನು ಅರ್ಧ ದಿನ ಹಾಗೇ ಬಿಟ್ಟಿದ್ರೆ ಇವರು ಎಚ್ಚರ ತಪ್ಪಿ ಹೋಗ್ತಿದ್ರು. ಆಮೇಲೆ ನನ್ನ ಕೈಯಲ್ಲೂ ಇರ್ತಿರಲಿಲ್ಲ.” ಜಾಡಿಯತ್ತ ತಿರುಗಿದರು. “ಇದು ನೋಡಿ ವಿಚಿತ್ರ. ಮೈಯಲ್ಲಿ ನೀರಿಲ್ಲದಾಗ ಮೂತ್ರ ಕಡಿಮೆ ಬರ್ಬೇಕು, ಕಡು ಹಳದಿ ಬರ್ಬೇಕು. ಇವರದು ಕುಡಿಯೋ ನೀರಿನ ಹಾಗಿದೆ. ತಲೆಗೆ ಏನಾದ್ರೂ ಪೆಟ್ಟು ಬಿದ್ದಿತ್ತಾ?”

ಒಂಟೆಯ ಕಣ್ಣು ಬಾಗಿಲಲ್ಲಿದ್ದ ಹೆಲ್ಮೆಟ್ಟಿನ ಮೇಲೆ ಹೋಯಿತು.

“ಇಲ್ಲ,” ಎಂದ.

“ಬಿದ್ದಿದ್ದು, ಗುದ್ದಿಸ್ಕೊಂಡಿದ್ದು?”

“ಇಲ್ಲ.”

ಡಾಕ್ಟರಮ್ಮ ಭಾವಮೈದುನನನ್ನು ನೋಡಿದರು. ಅವನು ತನ್ನ ಬೂಟಿನ ಮೇಲಿನ ಸುಟ್ಟ ತೂತುಗಳನ್ನು ನೋಡುತ್ತಾ ಇಲ್ಲವೆಂದು ತಲೆ ಅಲ್ಲಾಡಿಸಿದ.

“ಹಾಗಿದ್ರೆ ತಲೆಯೊಳಗೆ ಗೆಡ್ಡೆ ಏನಾದ್ರೂ ಬೆಳೀತಿದೆಯಾ ನೋಡ್ಬೇಕು. ಇಲ್ಲಿ ಆಗಲ್ಲ, ದೊಡ್ಡ ಆಸ್ಪತ್ರೆಗೆ ಬರೆದುಕೊಡ್ತೀನಿ.”

ಗೆಡ್ಡೆ ಎಂಬ ಮಾತು ಕೇಳಿದ್ದೇ ಹೆಂಡತಿ ಕುಸಿದು ಸ್ಟೂಲಿನ ಮೇಲೆ ಕೂತಳು. ಅವಳು ಅಳಲಿಲ್ಲ. ಸೆರಗಿನ ತುದಿಯಲ್ಲಿ ಇನ್ನೂ ಗಂಟು ಹಾಕಿಕೊಂಡಿದ್ದ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸತೊಡಗಿದಳು.

“ನಾನೇ ಡಾಕ್ಟ್ರೇ,” ಎಂದಳು ಸಣ್ಣ ದನಿಯಲ್ಲಿ. “ವಾಲ್ವು ಮುಚ್ಚಿದ್ದು ನಾನು. ಬೀಗ ಹಾಕಿದ್ದು ನಾನು. ರಾತ್ರಿಯೆಲ್ಲ ಇವರು ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸ್ತಿದ್ದು ನನಗೆ ಕೇಳಿಸ್ತಿತ್ತು. ಬರೀ ಗಾಳಿ ಬರೋ ಸದ್ದು. ಕೇಳಿಸ್ಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದೆ. ನನ್ನ ಕೈಯಾರೆ ನಾನೇ ಕೊಲ್ತಿದ್ದೆ ಇವರನ್ನ.”

“ಸುಮ್ನಿರೇ,” ಎಂದ ಒಂಟೆ.

“ಏನ್ ಸುಮ್ನಿರೋದು? ಗಂಡ ನೀರು ಕೇಳಿದ್ರೆ ಬೀಗ ಹಾಕಿದವಳು ನಾನೊಬ್ಬಳೇ ಇರ್ಬೇಕು ಈ ಊರಲ್ಲಿ.”

“ಸುಮ್ನಿರು ಅಂದ್ನಲ್ಲ!” ಅವನು ಮೊಣಕೈ ಊರಿ ಏಳಲು ಹೋಗಿ, ಕೊಳವೆ ಜಗ್ಗಿ, ಮತ್ತೆ ಬಿದ್ದ. ಫೋರ್‌ಮನ್ ಕಡೆ ನೋಡಲಿಲ್ಲ. ಅವಳ ಕೈಯಲ್ಲಿದ್ದ ಕೀಲಿಯನ್ನು ನೋಡುತ್ತಾ ಹೇಳಿದ: “ಬಿದ್ದಿದ್ದೆ. ಏಣಿಯಿಂದ. ಇಪ್ಪತ್ತು ದಿನ ಆಯ್ತು. ಹಿಂದಲೆ ಬೋಲ್ಟಿಗೆ ಬಡೀತು. ಸ್ವಲ್ಪ ಹೊತ್ತು ಎಚ್ಚರ ಇರ್ಲಿಲ್ಲ. ಬಾಗಿಲು ಗೀಗಿಲು ಏನೂ ಇಲ್ಲ. ಇವನಿಗೆ ಗೊತ್ತು. ಇವನ ಬಾಯಿ ಕಟ್ಟಿದ್ದು ನಾನು.”

ಹೆಂಡತಿ ತಮ್ಮನ ಕಡೆಗೆ ತಿರುಗಿದಳು. “ಲೋ!”

“ನಿನ್ನ ಆಣೆ ಹಾಕಿಸಿದ್ರು ಅಕ್ಕ.”

“ನನ್ನ ಆಣೆ ಹಾಕಿ ನನ್ನ ಗಂಡನ್ನೇ ಸಾಯಿಸೋಕೆ ಹೊರಟಿದ್ರಾ ಇಬ್ಬರೂ?” ಎಂದು ಅವಳು ಅವನ ತೋಳಿಗೆ ಎರಡು ಬಾರಿಸಿದಳು. ಆಮೇಲೆ ಅಳು ಬಂತು.

ಫೋರ್‌ಮನ್ ಹೆಲ್ಮೆಟ್ಟನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದ. “ನಿನ್ನೆ ಹೇಳಿದ್ರೂ ಆಗಿತ್ತಲ್ಲೋ,” ಎಂದ. ಬೈಗುಳವಿಲ್ಲದ ಅವನ ಮಾತು ಯಾರದೋ ಬಾಯಿಂದ ಬಂದ ಹಾಗಿತ್ತು. “ಇನ್ನು ಆ ಏಣಿ ನಿನಗಿಲ್ಲ. ಅದು ನನ್ನ ಕೈಲಿರೋದಲ್ಲ, ಗೊತ್ತಲ್ಲ ನಿನಗೆ.” ಅಷ್ಟು ಹೇಳಿ ಹೊರಟುಹೋದ. ಅವನ ಬೂಟಿನ ಸದ್ದು ವರಾಂಡದ ಕೊನೆಯವರೆಗೂ ಕೇಳಿಸಿತು.

ಡಾಕ್ಟರಮ್ಮ ಸ್ಟೂಲು ಎಳೆದು ಕೂತರು. ಒಂಟೆಯ ಹುಬ್ಬುಗಳ ನಡುವೆ ಬೆರಳಿಟ್ಟರು. “ಇದರ ಹಿಂದೆ, ಮೂಗಿನ ಬುಡಕ್ಕಿಂತ ಒಳಗೆ, ಮೆದುಳಿನ ಕೆಳಗೆ ಬಟಾಣಿಯಷ್ಟು ಒಂದು ಗ್ರಂಥಿ ಇದೆ. ಒಂದು ತೊಟ್ಟಿನಲ್ಲಿ ನೇತಾಡ್ತಿರುತ್ತೆ. ನಿಮ್ಮ ಮೂತ್ರಪಿಂಡ ದಿನಕ್ಕೆ ಹತ್ತಾರು ಕೊಡ ನೀರು ಸೋಸುತ್ತೆ, ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ ರಕ್ತಕ್ಕೆ ಎಳ್ಕೊಳ್ಳುತ್ತೆ. ಕೊನೇಲಿ ಎಷ್ಟು ಹಿಡ್ಕೋಬೇಕು, ಎಷ್ಟು ಬಿಡ್ಬೇಕು ಅಂತ ಹೇಳೋದು ಆ ಗ್ರಂಥಿಯಿಂದ ಇಳಿದು ಬರೋ ಒಂದು ರಸ. ಏಟಿಗೆ ತೊಟ್ಟು ಜಖಂ ಆಗಿದೆ ಅನ್ಸುತ್ತೆ. ರಸ ಬರ್ತಿಲ್ಲ. ಮೂತ್ರಪಿಂಡ ಚೆನ್ನಾಗೇ ಇದೆ ಪಾಪ, ಹಿಡ್ಕೋ ಅಂತ ಅದಕ್ಕೆ ಯಾರೂ ಹೇಳ್ತಿಲ್ಲ. ಸ್ಕ್ಯಾನ್ ಹೇಗೂ ಮಾಡಿಸೋಣ. ಆದ್ರೆ ಈಗ ಏನು ಮಾಡ್ಬೇಕು ಅಂತ ನನಗೆ ಗೊತ್ತು.”

“ಕೈ ತೋರಿಸೋನು ಇಲ್ಲದ ಕ್ರೇನ್ ಥರ,” ಎಂದ ಭಾವಮೈದುನ ಮೆಲ್ಲಗೆ.

“ಕುಡಿಯೋದು ನಿಲ್ಸಿದ್ರೆ ನಿಲ್ಲುತ್ತೆ ಅಂದ್ಕೊಂಡಿದ್ದೆ,” ಎಂದ ಒಂಟೆ.

“ಕುಡಿದಿದ್ದಕ್ಕೆ ಹೋಗ್ತಿರ್ಲಿಲ್ಲಪ್ಪ. ಹೋಗ್ತಿದ್ದದ್ದಕ್ಕೆ ಕುಡೀತಿದ್ರಿ. ಆ ಬಾಯಾರಿಕೆಯೇ ಇಷ್ಟು ದಿನ ನಿಮ್ಮನ್ನ ಬದುಕಿಸಿಟ್ಟಿದ್ದು.”

ಅವನು ಕಣ್ಣು ಮುಚ್ಚಿದ. ಹದಿನಾಲ್ಕು ವರ್ಷ ತಾನು ಗದರಿಸಿ ಕೂರಿಸಿದ್ದೆ ಎಂದುಕೊಂಡದ್ದನ್ನೆಲ್ಲ ಒಂದು ಬಟಾಣಿ ಕಾಳು ಸದ್ದಿಲ್ಲದೆ ಹಿಡಿದು ಕೂತಿತ್ತು. ಏಣಿಯಿಂದ ಬಿದ್ದಾಗ ಪೆಟ್ಟು ತಿಂದದ್ದು ಅದೇ. ಮುಚ್ಚಿದ ರೆಪ್ಪೆಯೊಳಗೆ ಲೇಡಲ್ ಮತ್ತೆ ಅಡ್ಡಕ್ಕೆ ಹೊರಟಿತು. ಓಡುತ್ತಿದ್ದವನ ಎರಡು ಮುಷ್ಟಿ ಕಂಡವು. ಕಣ್ಣು ತೆರೆದು ಭಾವಮೈದುನನನ್ನು ಮೇಲಿಂದ ಕೆಳಗೆ ನೋಡಿದ. ಅವನ ಪ್ಯಾಂಟಿನ ಅಂಚು ಒಂದು ಕಡೆ ಸುಟ್ಟು ಕರಕಲಾಗಿತ್ತು. “ಕಾಲಿಗೆ ತಾಗ್ತಾ?” ಎಂದು ಕೇಳಿದ.

“ಇಲ್ಲ ಭಾವ. ಪ್ಯಾಂಟಿಗೆ ಮಾತ್ರ. ಹಳೇದು.”

ಅಂದು ಮಧ್ಯಾಹ್ನ ಒಂದು ಮಾತ್ರೆ ಕೊಟ್ಟರು. ಅಕ್ಕಿಯ ನುಚ್ಚಿಗಿಂತ ಸ್ವಲ್ಪ ದೊಡ್ಡದು. ಇಷ್ಟರಿಂದ ಏನಾದೀತು ಎಂದು ಹೆಂಡತಿ ಅಂಗೈಯಲ್ಲಿಟ್ಟು ನೋಡಿದಳು. ಮೈಯಿಂದ ಹೋದ ನೀರನ್ನು ಒಂದೇ ಸಲ ತುಂಬಿಸುವ ಹಾಗಿರಲಿಲ್ಲ. ಎರಡು ದಿನ ತೊಟ್ಟುತೊಟ್ಟಾಗಿ ತುಂಬಿಸಿದರು. ಮೊದಲ ದಿನ ಸಂಜೆಯ ಹೊತ್ತಿಗೇ ಜಾಡಿಯಲ್ಲಿ ಮೂತ್ರ ಕೆಳಗಿನ ಗೆರೆಯನ್ನೂ ಮುಟ್ಟಲಿಲ್ಲ. ಮರುದಿನ ಬೆಳಗ್ಗೆ ಅದು ಹಳದಿಯಾಗಿತ್ತು. ಹೆಂಡತಿ ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಗುವಿಗೆ ಹಲ್ಲು ಮೂಡಿದ್ದು ತೋರಿಸುವವಳ ಹಾಗೆ ನರ್ಸನ್ನು ಕರೆದು ತೋರಿಸಿದಳು.

ಮೂರನೆಯ ದಿನ ಮನೆಗೆ ಕಳಿಸುವ ಮೊದಲು ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡರು.

“ಇಷ್ಟು ದಿನ ಒಂದು ಭಯ ಇತ್ತು, ಇನ್ನು ಮೇಲೆ ಇನ್ನೊಂದು. ಈ ಮಾತ್ರೆ ಒಳಗಿರುವಾಗ ಮೂತ್ರಪಿಂಡ ನೀರನ್ನ ಹಿಡ್ಕೊಳ್ಳುತ್ತೆ, ಬೇಡ ಅಂದ್ರೂ ಬಿಡಲ್ಲ. ಮೊದಲಿನ ರೂಢಿ ಅಂತ ಜಗ್ಗುಗಟ್ಟಲೆ ಕುಡಿದ್ರೆ ನೀರು ಒಳಗೇ ನಿಂತು, ರಕ್ತದ ಉಪ್ಪು ತೆಳುವಾಗಿ, ಮೆದುಳು ಊದ್ಕೊಳ್ಳುತ್ತೆ. ತಲೆನೋವು, ವಾಂತಿ, ಆಮೇಲೆ ಫಿಟ್ಸು. ಅದೂ ಸಾವೇ. ಹಾಗಂತ ಭಯಪಟ್ಟು ಕುಡಿಯದೇ ಇರೋದೂ ಬೇಡ.”

“ಅಳತೆ ಹೇಳಿ ಡಾಕ್ಟ್ರೇ,” ಎಂದ ಅವನು. “ಎಷ್ಟು ಲೋಟ, ಎಷ್ಟು ಗಂಟೆಗೆ. ಹಾಗೇ ಮಾಡ್ತೀನಿ.”

“ಅಳತೆ ಇಲ್ಲ. ಬಾಯಾರಿದಾಗ ಕುಡೀರಿ, ತೀರಿದ ಕೂಡ್ಲೆ ನಿಲ್ಸಿ.”

“ಬಾಯಾರಿದೆ ಅಂತ ಹೇಗೆ ಗೊತ್ತಾಗೋದು?”

ಡಾಕ್ಟರಮ್ಮ ನಗಲು ಹೋಗಿ, ಅವನ ಮುಖ ನೋಡಿ ಸುಮ್ಮನಾದರು. “ಗೊತ್ತಾಗುತ್ತೆ,” ಎಂದರು.

ಮನೆಯಲ್ಲಿ ಅಡುಗೆಮನೆಯ ಬಾಗಿಲು ತೆರೆದಿತ್ತು. ಹೆಂಡತಿ ಅವನನ್ನು ಮೇಜಿನ ಮುಂದೆ ಕೂರಿಸಿ, ಮಾತ್ರೆ ಕೊಟ್ಟು, ಒಂದು ಲೋಟ ನೀರು ತಂದಿಟ್ಟಳು. ಮಾತ್ರೆಗೆ ಒಂದು ಗುಟುಕು ಸಾಕಾಯಿತು. ಲೋಟವನ್ನು ಕೆಳಗಿಟ್ಟ. ಕಾರ್ಖಾನೆಯಲ್ಲಿ ಈಗ ಪಾಳಿ ಬದಲಾಗುವ ಹೊತ್ತು; ಭಾವಮೈದುನ ಬೇರೆ ಯಾರಿಗೋ ಕೈ ತೋರಿಸುತ್ತಿರಬೇಕು.

“ಕುಡೀರಿ,” ಎಂದಳು ಹೆಂಡತಿ. ಆಮೇಲೆ ಅನುಮಾನದಿಂದ, “ಬೇಡ್ವಾ?” ಎಂದಳು.

“ತಾಳು,” ಎಂದ.

ಅವಳು ಎದುರಿಗೆ ಕೂತಳು. ಅವನು ನಾಲಗೆಯನ್ನು ತುಟಿಯ ಮೇಲೆ ಮೆಲ್ಲಗೆ ಆಡಿಸಿದ. ಅಂಗುಳಿಗೆ ಒತ್ತಿ ನೋಡಿದ. ಉಗುಳು ನುಂಗಿದ, ಮತ್ತೆ ನುಂಗಿದ. ಪಕ್ಕದ ಮನೆಯ ಗೋಡೆಯಾಚೆ ಯಾರ ದನಿಯೋ ಕೇಳಿ ಕಿವಿಗೊಟ್ಟವನಂತೆ ಕತ್ತು ತುಸು ವಾಲಿಸಿ ಕೂತಿದ್ದ. ಲೋಟದ ಒಳಗೋಡೆಗೆ ಸಣ್ಣ ಸಣ್ಣ ಗುಳ್ಳೆಗಳು ಅಂಟಿಕೊಂಡಿದ್ದವು. ಒಂದು ಬಿಟ್ಟುಕೊಂಡು ಮೇಲಕ್ಕೆ ಬಂತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು.